ತಾರಸಿಯ ಮೇಲೊಂದು ಹಿತ್ತಲು

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಹಿರಿಯರು ಕಟ್ಟಿದ್ದು ಕೈಗೆಟುಕುವ ವಸ್ತುವಿನ ಬೆಲೆಯನ್ನು ಮನುಷ್ಯನು ಅರಿಯನೆಂಬ ಅರ್ಥದಲ್ಲಿ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗನ ಪಾಲಿಗೆ ಈ ಗಾದೆ ಬೇರೊಂದು ಬಗೆಯಲ್ಲಿ ನಿಜವಾಗಿದೆ. ಅವನಿಗೆ ಹಿತ್ತಲೇ ಇಲ್ಲ. ಮದ್ದು ಮಾತ್ರ ಪ್ರತಿ ರಸ್ತೆಯ ತಿರುವಿನ ಔಷಧದಂಗಡಿಯಲ್ಲಿ ಧಾರಾಳವಾಗಿ ದೊರೆಯುತ್ತದೆ. ಈ ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವುಂಟೇ ಎಂಬುದು ಕನ್ನಡ ಸಂಘಗಳು ಯೋಚಿಸಬೇಕಾದ ವಿಷಯ.

ಹಿತ್ತಲನ್ನು ತೋಟವೆಂದು ಯಾರೂ ಕರೆಯುತ್ತಿರಲಿಲ್ಲ. ತೋಟಕ್ಕೆ ಬೇಲಿ, ಫಸಲು, ಲೆಕ್ಕಪತ್ರ, ಮಾರಾಟ ಇವೆಲ್ಲ ಉಂಟು. ಹಿತ್ತಲಾದರೋ ಅಡುಗೆಮನೆಯ ಹಿಂಬಾಗಿಲಿನಿಂದಾಚೆಗೆ ಮುಂದುವರಿದ ಅಡುಗೆಮನೆ. ಕರಾವಳಿಯ ಮನೆಗಳಲ್ಲಿ ಬಚ್ಚಲಿನ ನೀರು ಹರಿದು ನಿಲ್ಲುವಲ್ಲಿ ಕೆಸು, ಬಾವಿಕಟ್ಟೆಯ ಬಳಿ ಬಸಳೆಯ ಚಪ್ಪರ, ಅದರ ಬುಡಕ್ಕೆ ಒಲೆಯ ಬೂದಿ, ಕೊಟ್ಟಿಗೆಯ ಬದಿಗೆ ನುಗ್ಗೆಮರ, ತುಳಸಿಕಟ್ಟೆಯ ತಂಪಿನಲ್ಲಿ ಒಂದೆಲಗ. ಬಯಲುಸೀಮೆಯಲ್ಲಿ ಹೊಲದ ಬದುವಿನ ಮೇಲೆ ತಾನಾಗಿ ಹುಟ್ಟಿದ ಅಣ್ಣೆಸೊಪ್ಪು, ಹೊನಗೊನೆ ಮುಂತಾದವನ್ನು ಬೆರಕೆಯಾಗಿ ಕಿತ್ತು ತಂದು ಮಸ್ಸೊಪ್ಪು ಮಾಡುವ ವಾಡಿಕೆ. ವಿಜಯಪುರ, ಕಲಬುರಗಿಗಳ ಕಡೆ ಜೋಳದ ರೊಟ್ಟಿಯ ಜೊತೆಗೆ ಹಕ್ಕರಕಿಯ ಹಸಿ ಎಲೆ, ಮೆಂತ್ಯದ ತೊಪ್ಪಲು, ಪುಂಡಿಪಲ್ಯ. 'ಇಂದೇನು ಅಡುಗೆ?' ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿದ್ದುದು ಮನೆಯೊಡತಿಗಿಂತ ಹೆಚ್ಚಾಗಿ ಹಿತ್ತಲು. ಜೀವಸತ್ವ, ನಾರಿನಂಶ, ಕಬ್ಬಿಣದಂಶ ಎಂಬ ಮಾತುಗಳನ್ನು ಕೇಳದೆಯೇ ಆ ತಾಯಂದಿರು ವಾರದಲ್ಲಿ ನಾಲ್ಕಾರು ದಿನ ಮನೆಯವರಿಗೆಲ್ಲ ಸೊಪ್ಪು ಉಣಿಸಿದರು. ಎದುರಿಗೆ ಬೆಳೆದು ನಿಂತದ್ದನ್ನು ಬಲಿತು ಹಾಳಾಗಲು ಬಿಡಬಾರದೆಂಬುದೇ ಅವರ ಆಹಾರಶಾಸ್ತ್ರವಾಗಿತ್ತು.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಸರಿಯಲ್ಲ. ಅನೇಕ ಮನೆಗಳಲ್ಲಿ ಸೊಪ್ಪು ಬೇಯುತ್ತಿದ್ದುದು ಬೇಳೆ ಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ. ಮುಂಬಯಿಗೆ ಬಂದು ನಾಲ್ಕು ಕಾಸು ಕಂಡ ತಲೆಮಾರು ಸೊಪ್ಪನ್ನು ಬಡತನದ ಗುರುತೆಂದು ಬಗೆದು ಬದಿಗೆ ಸರಿಸಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಈ ನಗರಕ್ಕೆ ಕನ್ನಡಿಗರು ಬಂದ ರೀತಿಯೂ ಹಿತ್ತಲನ್ನು ಮರೆಯಿಸುವಂಥದ್ದೇ ಆಗಿತ್ತು. ಮೊದಲು ಬಂದವರಲ್ಲಿ ಬಹುಪಾಲು ಒಂಟಿ ಗಂಡಸರು. ಹೋಟೆಲುಗಳಲ್ಲಿ ದುಡಿದು ಅಲ್ಲಿಯೇ ಉಂಡು ಅಲ್ಲಿಯೇ ಮಲಗಿದ ಹುಡುಗರ ಪಾಲಿಗೆ ಊಟವೆಂದರೆ ಹೋಟೆಲಿನ ಊಟ. ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಭೋಜನಶಾಲೆಗಳು ಬಾಳೆಯೆಲೆಯ ಮೇಲೆ ಪಲ್ಯ, ಹುಳಿ, ಸಾರು ಬಡಿಸಿ ಆ ಒಂಟಿಜೀವಗಳಿಗೆ ಮನೆಯೂಟದ ರುಚಿಯನ್ನು ಉಳಿಸಿಕೊಟ್ಟವೆಂಬುದು ನಿಜ. ಆದರೆ ಮುಂಬಯಿಯು ಉಡುಪಿ ಹೋಟೆಲೆಂದು ಗುರುತಿಸಿದ್ದು ಇಡ್ಲಿ, ವಡೆ, ದೋಸೆಗಳನ್ನೇ ಹೊರತು ಬಸಳೆಯ ಹುಳಿಯನ್ನಲ್ಲ. ತಂಬುಳಿ, ಪತ್ರೊಡೆ, ಹರಿವೆಯ ಪಲ್ಯಗಳು ದಿನನಿತ್ಯದ ತಿಂಡಿಪಟ್ಟಿಗೆ ಏರಲಿಲ್ಲ, ಏರುವುದೂ ಕಷ್ಟವಿತ್ತು. ಸೊಪ್ಪು ಆರಿಸಲು ತಾಳ್ಮೆ ಬೇಕು, ತೊಳೆಯಲು ನೀರು ಬೇಕು, ಬೆಳಗ್ಗೆ ಬೇಯಿಸಿದ್ದು ಸಂಜೆಗೆ ಸೊಗಸಾಗಿರುವುದಿಲ್ಲ. ಅದು ಮನೆಯ ಅಡುಗೆ. ಇಡೀ ನಗರಕ್ಕೆ ಉಣಬಡಿಸಿದ ಸಮುದಾಯವು ತನ್ನ ಅತ್ಯಂತ ಆರೋಗ್ಯಕರವಾದ ಅಡುಗೆಯನ್ನು ಮಾತ್ರ ಊರಿನಲ್ಲಿಯೇ ಬಿಟ್ಟು ಬಂತು.

ಮುಂದೆ ಸಂಸಾರಗಳು ಬಂದವು. ಚಾಳಿನ ಒಂದು ಕೋಣೆಯಲ್ಲಿ ಮೂಲೆಯ ಮೋರಿಯೇ ಬಚ್ಚಲು, ಗ್ಯಾಲರಿಯ ಕಂಬಿಗೆ ಕಟ್ಟಿದ ಹಳೆಯ ಡಬ್ಬದಲ್ಲಿ ತುಳಸಿ. ಅದರಾಚೆಗೆ ಬೆಳೆಸುವ ಮಾತೇ ಇರಲಿಲ್ಲ. ಮಾಟುಂಗದ ಮಾರುಕಟ್ಟೆಯು ಆ ಸಂಸಾರಗಳ ಋಣ ತೀರಿಸಲಾಗದಷ್ಟು ಉಪಕಾರ ಮಾಡಿತು. ಮಂಗಳೂರು ಸೌತೆ, ಸುವರ್ಣಗೆಡ್ಡೆ, ಬಸಳೆ, ಕೆಸುವಿನೆಲೆ, ಬಾಳೆದಿಂಡು ಇವೆಲ್ಲ ದೊರೆಯುವ ಸ್ಥಳವೆಂದು ಅದು ಇಂದಿಗೂ ಹೆಸರಾಗಿದೆ. ಆದರೆ ಕನ್ನಡಿಗರು ಮಾಟುಂಗದಲ್ಲಿಯೇ ಉಳಿಯಲಿಲ್ಲವಲ್ಲ! ಬಾಡಿಗೆ ಏರಿದಂತೆಲ್ಲ ಅವರು ಡೊಂಬಿವಲಿ, ಮೀರಾರೋಡ್, ನಾಲಾಸೋಪಾರಾ, ನವಿ ಮುಂಬಯಿಗಳಿಗೆ ಚದುರಿಹೋದರು. ಬೆಳಗಿನ ಲೋಕಲ್ ಹಿಡಿಯಲು ಏಳು ಗಂಟೆಗೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ದಂಪತಿಗಳು ಒಂದು ಕಟ್ಟು ಬಸಳೆಗಾಗಿ ಮಾಟುಂಗದಲ್ಲಿ ಇಳಿದಾರೆಂದು ನಿರೀಕ್ಷಿಸುವುದು ಅನ್ಯಾಯ. ನಿಲ್ದಾಣದ ಹೊರಗೆ ಕೈಗೆ ಸಿಕ್ಕ ಬಟಾಟೆ, ಈರುಳ್ಳಿ, ಟೊಮೆಟೊಗಳೊಡನೆ ಅವರು ಮನೆ ಸೇರುತ್ತಾರೆ. ಅದರ ಮೇಲೆ ಅನ್ನ, ಬೇಳೆ. ಭಾನುವಾರ ಹೊರಗೆ ತಿಂಡಿ.

ಹೀಗೆ ಬದಲಾದ ತಟ್ಟೆಯ ಪರಿಣಾಮವನ್ನು ಅಂಕಿಗಳು ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ; ಹಳ್ಳಿಗಿಂತ ನಗರದಲ್ಲಿ ಅದರ ಪ್ರಮಾಣ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಹೊಟ್ಟೆ ತುಂಬಿದೆ, ರಕ್ತ ತುಂಬಿಲ್ಲ ಎಂಬ ವಿಚಿತ್ರ ಸ್ಥಿತಿ ಇದು. ದಿನವೊಂದಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರಸೂತ್ರಗಳಲ್ಲಿ 400 ಗ್ರಾಂ ತರಕಾರಿ, ಅದರ ಮೇಲೆ 100 ಗ್ರಾಂ ಹಣ್ಣು ಎಂದಿದೆ. ನಾಲ್ವರ ಸಂಸಾರಕ್ಕೆ ದಿನಕ್ಕೆ 1,600 ಗ್ರಾಂ ತರಕಾರಿ ಬೇಕೆಂದಾಯಿತು. ಎಷ್ಟು ಮನೆಗಳಲ್ಲಿ ಇದು ನಡೆಯುತ್ತಿದೆಯೆಂದು ಗೃಹಿಣಿಯರೇ ತಮ್ಮ ತಕ್ಕಡಿಯಿಂದ ನಿರ್ಣಯಿಸಬಹುದು.

ಇಲ್ಲಿ ಸಂದೇಹವಾದಿಯು ಸಹಜವಾಗಿಯೇ ಕೇಳುತ್ತಾನೆ: ಬಾಲ್ಕನಿಯ ನಾಲ್ಕು ಕುಂಡಗಳಿಂದ ದಿನಕ್ಕೆ ಒಂದೂವರೆ ಕಿಲೋ ತರಕಾರಿ ಬಂದೀತೇ? ಬರಲಾರದು. ಬಂದೀತೆಂದು ಹೇಳುವವರು ಕುಂಡ ಮಾರುವವರಿರಬೇಕು. ಕೈತೋಟದ ಉಪಯೋಗವನ್ನು ತೂಕದಲ್ಲಿ ಅಳೆಯ ಹೊರಟರೆ ಅದು ಮೊದಲ ದಿನವೇ ಸೋಲುತ್ತದೆ. ಅದರ ಫಲ ಕಾಣುವುದು ಬೆಳೆಯುವವನ ನಡತೆಯಲ್ಲಿ. ತಾನೇ ಬಿತ್ತಿ ನೀರೆರೆದ ಹರಿವೆಯನ್ನು ಕಿತ್ತು ಕಸಕ್ಕೆ ಎಸೆಯುವವರು ವಿರಳ. ಬೆಂಡೆಯ ಹೂವು ಕಾಯಾಗುವುದನ್ನು ದಿನವೂ ನೋಡಿದ ಮಗು ಆ ಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುವ ಮುನ್ನ ಒಮ್ಮೆಯಾದರೂ ರುಚಿ ನೋಡುತ್ತದೆ. ಬೆಳೆದದ್ದು ಒಂದು ಹಿಡಿಯಾದರೂ, ಅದಕ್ಕೆ ಜೊತೆಯಾಗಿ ಪೇಟೆಯಿಂದ ಇನ್ನೆರಡು ಹಿಡಿ ಬರುತ್ತದೆ. ನಾಲಗೆಗೆ ಅಭ್ಯಾಸವಾದುದನ್ನು ಕೈ ತಾನಾಗಿ ಕೊಳ್ಳುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ಮಿಶಿಗನ್ ಪ್ರಾಂತದ ಫ್ಲಿಂಟ್ ನಗರವು ಕಾರ್ಖಾನೆಗಳು ಮುಚ್ಚಿ ಬಡವಾದ ಊರು. ಅಲ್ಲಿಯ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಮನೆಯವರಲ್ಲಿ ಒಬ್ಬರಾದರೂ ಸಮುದಾಯದ ತೋಟದಲ್ಲಿ ಪಾಲುಗೊಂಡಿದ್ದರೆ, ಆ ಮನೆಯ ವಯಸ್ಕರು ಇತರರಿಗಿಂತ ದಿನಕ್ಕೆ 1.4 ಸಲ ಹೆಚ್ಚಾಗಿ ಹಣ್ಣು ತರಕಾರಿ ತಿನ್ನುತ್ತಿದ್ದರು. ತರಕಾರಿ ಪ್ರಿಯರೇ ತೋಟಕ್ಕೆ ಹೋಗುವವರಾದ್ದರಿಂದ ಹೀಗಾಗಿರಬಹುದೆಂದು ಆಕ್ಷೇಪಿಸಲು ಅವಕಾಶವಿತ್ತು. ಆ ಸಂಶಯವನ್ನು ನೀಗಲು ಡೆನ್ವರ್ ನಗರದಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ತೋಟದ ತುಂಡಿಗಾಗಿ ಕಾದು ನಿಂತಿದ್ದ 291 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ವರ್ಷವೇ ಜಾಗ ಕೊಟ್ಟು, ಇನ್ನೊಂದು ಪಾಲಿನವರನ್ನು ಕಾಯಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ತೋಟ ಮಾಡಿದವರು ಉಳಿದವರಿಗಿಂತ ದಿನಕ್ಕೆ 1.4 ಗ್ರಾಂ ಹೆಚ್ಚು ನಾರಿನಂಶವನ್ನು ಸೇವಿಸಿದರು, ವಾರಕ್ಕೆ ಸುಮಾರು 42 ನಿಮಿಷ ಹೆಚ್ಚು ಮೈಬಗ್ಗಿಸಿ ದುಡಿದರು. ಅವರ ಮನಸ್ಸಿನ ಕಳವಳವೂ ತಗ್ಗಿತ್ತು. ಒಂದೂವರೆ ಗ್ರಾಂ ನಾರು ಪವಾಡವೇನೂ ಅಲ್ಲ. ಆದರೆ ಉಪದೇಶದಿಂದ ಅಷ್ಟು ಮಾತ್ರವಾದರೂ ಸಾಧ್ಯವಾಗಿದೆಯೇ ಎಂದು ಕೇಳಬೇಕು. ಸ್ಮರಣ ಸಂಚಿಕೆಗಳಲ್ಲಿ 'ಹಸಿರು ತರಕಾರಿ ಹೆಚ್ಚಾಗಿ ಸೇವಿಸಿರಿ' ಎಂಬ ವೈದ್ಯರ ಸಲಹೆ ವರ್ಷ ವರ್ಷವೂ ಅಚ್ಚಾಗುತ್ತಲೇ ಬಂದಿದೆ.

ಮುಂಬಯಿಯಂಥ ಇಕ್ಕಟ್ಟಿನ ನಗರದಲ್ಲಿ ಇದೆಲ್ಲ ಹೇಗೆ ಎಂಬವರು ನಗರದ ಹೆಸರುಗಳನ್ನು ಒಮ್ಮೆ ಲಾಲಿಸಬೇಕು. ಗಿರ್‌ಗಾಂವ್, ಭುಲೇಶ್ವರಗಳ ಆಸುಪಾಸಿನಲ್ಲಿ ಫಣಸವಾಡಿ, ಕೇಳೇವಾಡಿ, ಆಂಬೇವಾಡಿ, ಫೋಫಳವಾಡಿಗಳಿವೆ. ಹಲಸು, ಬಾಳೆ, ಮಾವು, ಅಡಿಕೆಗಳ ತೋಟಗಳಿದ್ದ ಕಾಲದ ನೆನಪು ಆ ಹೆಸರುಗಳಲ್ಲಿ ಉಳಿದಿದೆ. ವಸಯಿಯ ವಾಡಿಗಳಲ್ಲಿ ವೀಳ್ಯದೆಲೆ, ಬಾಳೆ, ತರಕಾರಿಗಳ ಕೃಷಿ ಕಟ್ಟಡಗಳ ನಡುವೆಯೂ ಪೂರ್ತಿ ಅಳಿದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಮುಂಬಯಿಗೆ ಪಡಿತರ ಪದ್ಧತಿ ಬಂತು. ಆ ದಿನಗಳ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಘೋಷಣೆ ದೇಶದ ತುಂಬ ಕೇಳಿಸಿತು.

ಆ ಘೋಷಣೆಯ ಹೆಸರಿನಲ್ಲಿಯೇ ಲೋಕಲ್ ಗಾಡಿಯ ಪ್ರಯಾಣಿಕರೆಲ್ಲ ಕಂಡಿರುವ ಒಂದು ದೃಶ್ಯವೂ ಹುಟ್ಟಿಕೊಂಡಿತು. ರೈಲುಹಳಿಯ ಪಕ್ಕದ ಖಾಲಿ ಜಾಗವನ್ನು ರೈಲ್ವೆಯು ತನ್ನ ಕೆಳದರ್ಜೆಯ ನೌಕರರಿಗೆ ಬೇಸಾಯಕ್ಕೆ ಕೊಟ್ಟಿತು. ದಶಕಗಳ ಕಾಲ ಅಲ್ಲಿ ಪಾಲಕ್, ಮೆಂತ್ಯ, ಮೂಲಂಗಿ, ಬೆಂಡೆಗಳು ಬೆಳೆದವು. ಹಸಿರಿನ ಆ ಪಟ್ಟಿ ಕಣ್ಣಿಗೆ ತಂಪು. ಆದರೆ ಎಷ್ಟೋ ಕಡೆ ಅದಕ್ಕೆ ಹಾಯಿಸಿದ್ದು ನಾಲೆಯ ಕೊಳಚೆ ನೀರು. ಸೊಪ್ಪಿನ ಜಾತಿಯ ಗಿಡಗಳು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿ ಎಲೆಯಲ್ಲಿ ಕೂಡಿಡುತ್ತವೆ. ಎಲೆಯ ಮೇಲಿನ ಕೊಳೆಯನ್ನೂ ಕ್ರಿಮಿಯನ್ನೂ ಉಪ್ಪು ನೀರಿನಲ್ಲಿ ತೊಳೆದು ತಕ್ಕಮಟ್ಟಿಗೆ ಕಳೆಯಬಹುದು. ಎಲೆಯೊಳಗೆ ಸೇರಿದ ಲೋಹವನ್ನು ಯಾವ ನೀರೂ ಹೊರತೆಗೆಯದು. ಬೇರಾರ ದೋಷಕ್ಕಿಂತ ಬಡತನವೇ ಇದರ ಮೂಲ; ಬೆಳೆದವನ ಮೇಲೆ ಕೋಪಗೊಂಡು ಪ್ರಯೋಜನವಿಲ್ಲ. ಆದರೂ ಯಾವ ಮಣ್ಣು, ಯಾವ ನೀರು ಎಂದು ತಿಳಿದು ತಿನ್ನುವ ಒಂದೇ ನಿಶ್ಚಿತ ದಾರಿ, ಸ್ವಲ್ಪ ಭಾಗವನ್ನಾದರೂ ಕಣ್ಣೆದುರಿಗೆ ಬೆಳೆಸುವುದು.

ಈ ದಾರಿಯಲ್ಲಿ ಮುಂಬಯಿ ಆಗಲೇ ಬಹುದೂರ ನಡೆದಿದೆ ಎಂಬುದನ್ನು ಅನೇಕರು ಅರಿಯರು. ಅರ್ಥಶಾಸ್ತ್ರಜ್ಞರಾದ ಡಾ. ಆರ್. ಟಿ. ದೋಶಿಯವರು ಬಾಂದ್ರಾದ ತಮ್ಮ ಮನೆಯ ತಾರಸಿಯಲ್ಲಿ ಪ್ಲಾಸ್ಟಿಕ್ ಚೀಲ, ಡ್ರಮ್ಮುಗಳೊಳಗೆ ಕಬ್ಬಿನ ಸಿಪ್ಪೆ ತುಂಬಿ, ಮೇಲೆ ತುಸು ಮಣ್ಣು ಹಾಕಿ ಹಣ್ಣು ತರಕಾರಿ ಬೆಳೆದು, 'ನಗರ ಕೃಷಿ' ಎಂಬ ಕಲ್ಪನೆಯನ್ನು ಹಬ್ಬಿಸಿದರು. ಕೊಲ್ಹಾಪುರದ ಶ್ರೀಪಾದ ದಾಭೋಲ್ಕರರು 'ಪ್ರಯೋಗ ಪರಿವಾರ'ದ ಮೂಲಕ ಸಾಮಾನ್ಯ ಜನರಿಗೆ ಕಸದಿಂದ ಮಣ್ಣು ಮಾಡುವ ವಿದ್ಯೆಯನ್ನು ಕಲಿಸಿದರು. ಈ ಎರಡೂ ಧಾರೆಗಳು ಬಂದು ಸೇರಿದ್ದು ಒಂದು ದೊಡ್ಡ ಅಡುಗೆಮನೆಯ ಮೇಲೆ.

ಅಂದಿನ ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯಿಂದ ದಿನವೊಂದಕ್ಕೆ ಸುಮಾರು 3,000 ನೌಕರರಿಗೆ ಆಹಾರ ಹೋಗುತ್ತಿತ್ತು. ಅಲ್ಲಿ ಉಪಾಹಾರ ವಿಭಾಗದ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲರನ್ನು ಕಾಡಿದ್ದು ತರಕಾರಿಯ ಚಿಂತೆಯಲ್ಲ, ಕಸದ ಚಿಂತೆ. ದಿನವೂ ರಾಶಿ ಬೀಳುವ ಸಿಪ್ಪೆ, ದಂಟು, ಉಳಿದ ಅನ್ನಗಳನ್ನು ಏನು ಮಾಡುವುದು? 2002ರ ಸುಮಾರಿಗೆ ಅವರೂ ಅಡುಗೆಯ ಸಿಬ್ಬಂದಿಯೂ ಕೂಡಿ ಅದನ್ನು ತಾರಸಿಗೆ ಹೊತ್ತು ಗೊಬ್ಬರ ಮಾಡಿದರು. ಗೊಬ್ಬರವಾದ ಮೇಲೆ ಅದರಲ್ಲಿ ಗಿಡ ನೆಡದಿರುವುದು ಹೇಗೆ? ಹೀಗೆ ಬಂದರಿನ ಉಪ್ಪುಗಾಳಿಗೆ ಒಡ್ಡಿಕೊಂಡ ಸಿಮೆಂಟಿನ ತಾರಸಿಯ ಮೇಲೆ ಸೊಪ್ಪು, ಕಾಯಿಪಲ್ಲೆ, ಹಣ್ಣಿನ ಗಿಡಗಳು ಎದ್ದವು. ಎರಡು ವರ್ಷಗಳೊಳಗೆ ಅಡುಗೆಮನೆಯ ಹಸಿಕಸದಲ್ಲಿ ನೂರಕ್ಕೆ ತೊಂಬತ್ತು ಪಾಲು ತಾರಸಿಯಲ್ಲಿಯೇ ಕರಗತೊಡಗಿತು. ಗಮನಿಸಬೇಕಾದ ಅಂಶವೆಂದರೆ, ಈ ಕೆಲಸ ಮಾಡಿದವರು ಬಿಡುವಿನ ವೇಳೆಯ ಹವ್ಯಾಸಿಗಳಾಗಿರಲಿಲ್ಲ. ಪಾತ್ರೆ ತೊಳೆದು, ತರಕಾರಿ ಹೆಚ್ಚಿ, ಊಟ ಸಾಗಿಸುತ್ತಿದ್ದ ಕೆಲಸಗಾರರು. ಮುಂದೆ 2009ರಲ್ಲಿ ಪಾಟೀಲರೂ ಸಂಗಡಿಗರೂ 'ಅರ್ಬನ್ ಲೀವ್ಸ್' ಎಂಬ ಬಳಗ ಕಟ್ಟಿದರು. ಮಾಟುಂಗದ ಡಾನ್ ಬಾಸ್ಕೊ ಶಾಲೆಯ ತಾರಸಿಯಲ್ಲಿ, ಒಂದು ಕಾಲಕ್ಕೆ ಕಸದ ತಿಪ್ಪೆಯಾಗಿದ್ದ ಧಾರಾವಿ ಬಳಿಯ ಮಹಾರಾಷ್ಟ್ರ ನೇಚರ್ ಪಾರ್ಕಿನಲ್ಲಿ ಊರಿನ ಜನ ರಜೆಯ ದಿನ ಬಂದು ಮಣ್ಣು ಮುಟ್ಟಿ ದುಡಿಯುವಂತಾಯಿತು. ಬೆಂಗಳೂರಿನಲ್ಲಿಯೂ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥರು ಇಂಥದೇ ಕಾರ್ಯವನ್ನು ನಡೆಸಿ, ಅಲ್ಲಿ 'ಊಟ ಫ್ರಮ್ ಯುವರ್ ತೋಟ' ಎಂಬ ಸಂತೆಯೇ ಏರ್ಪಟ್ಟಿದೆ.

ಮಾಟುಂಗದ ಶಾಲೆಯೊಂದರ ತಾರಸಿಯಲ್ಲಿ ಆದದ್ದು ಕನ್ನಡ ಸಂಘಗಳ ತಾರಸಿಯಲ್ಲಿ ಏಕಾಗಬಾರದು? 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಮೊದಲ್ಗೊಂಡು ಈ ನಗರದ ಕನ್ನಡ ಸಂಸ್ಥೆಗಳು ಕಾಸಿಗೆ ಕಾಸು ಕೂಡಿಸಿ ಸ್ವಂತ ಕಟ್ಟಡಗಳನ್ನು ಕಟ್ಟಿಕೊಂಡಿವೆ. ಇದು ಹೊರನಾಡ ಕನ್ನಡಿಗರ ಹೆಮ್ಮೆಯ ಸಂಗತಿ. ಸಭಾಗೃಹದಲ್ಲಿ ನಾಟಕ, ಯಕ್ಷಗಾನ, ಸನ್ಮಾನಗಳು ನಡೆಯುತ್ತವೆ. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ನಡೆಯುತ್ತದೆ; ಸಕ್ಕರೆ ಎಷ್ಟು, ಒತ್ತಡ ಎಷ್ಟು ಎಂದು ಬರೆದ ಚೀಟಿಯೊಂದಿಗೆ ಜನ ಕೆಳಗಿಳಿಯುತ್ತಾರೆ, ಬಾಗಿಲಲ್ಲಿ ಬಟಾಟೆವಡೆ ಮತ್ತು ಸಿಹಿ ಚಹಾ ಕಾದಿರುತ್ತದೆ. ಇಂಥ ಕಟ್ಟಡಗಳ ಮೇಲೆ ತಾರಸಿಯೆಂಬುದು ಸಾಮಾನ್ಯವಾಗಿ ನೀರಿನ ಟಾಂಕಿ, ಮುರಿದ ಕುರ್ಚಿ, ಹಳೆಯ ಬ್ಯಾನರುಗಳ ವಿಶ್ರಾಂತಿಧಾಮ. ವರ್ಷಕ್ಕೊಂದು ಶಿಬಿರದ ವೆಚ್ಚದ ಒಂದಂಶವನ್ನು ಆ ತಾರಸಿಗೆ ತಿರುಗಿಸಿದರೆ ರೋಗ ಎಣಿಸುವ ಕೆಲಸದ ಜೊತೆಗೆ ಅದನ್ನು ತಡೆಯುವ ಕೆಲಸವೂ ನಡೆದೀತು. ಸ್ವಂತ ಕಟ್ಟಡವಿಲ್ಲದ ಉಪನಗರಗಳ ಸಂಘಗಳು ಸದಸ್ಯರು ವಾಸಿಸುವ ಸೊಸೈಟಿಗಳನ್ನೇ ಆಶ್ರಯಿಸಬಹುದು. 20,000 ಚದರ ಮೀಟರಿಗೆ ಮೀರಿದ ಅಥವಾ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟುವ ವಸತಿಸಂಕೀರ್ಣಗಳು ಹಸಿಕಸವನ್ನು ತಮ್ಮ ಆವರಣದಲ್ಲಿಯೇ ಗೊಬ್ಬರ ಮಾಡಬೇಕೆಂದು ಮಹಾನಗರಪಾಲಿಕೆಯು 2017ರ ಅಕ್ಟೋಬರಿನಿಂದ ನಿಯಮ ಹಾಕಿದೆ. ಗೊಬ್ಬರವಾಗಿ ಕುಳಿತಿರುವ ಕಡೆ ಬೇಕಾಗಿರುವುದು ಬೀಜ ಮತ್ತು ಮನಸ್ಸು ಮಾತ್ರ.

ಆಕ್ಷೇಪಣೆಗಳಿಗೆ ಬರವಿಲ್ಲ. ತಾರಸಿ ಸೋರುತ್ತದೆ ಎಂಬುದು ಪ್ರತಿ ಸೊಸೈಟಿಯ ಸೆಕ್ರೆಟರಿಯ ಮೊದಲ ಮಾತು, ಮತ್ತು ಅದು ಸುಳ್ಳಲ್ಲ. ಒಂದು ಅಡಿ ಉದ್ದ, ಅಗಲ, ಆಳದ ಒದ್ದೆಮಣ್ಣು 45ರಿಂದ 50 ಕಿಲೋ ಭಾರವಾಗುತ್ತದೆ. ಹಳೆಯ ಕಟ್ಟಡದ ಚಾವಣಿಯ ಮೇಲೆ ಅಂಥ ಹೊರೆ ಹೇರುವುದು ಅವಿವೇಕ. ದೋಶಿ, ದಾಭೋಲ್ಕರರ ಶಿಷ್ಯರು ಕಬ್ಬಿನ ಸಿಪ್ಪೆ, ಒಣ ತರಗೆಲೆಗಳನ್ನು ಬಳಸುವುದು ಇದೇ ಕಾರಣದಿಂದ. ಎಂಜಿನಿಯರರನ್ನು ಕೇಳಿ, ತೊಲೆಗಳ ನೇರಕ್ಕೆ, ಕಾಲುಗಳುಳ್ಳ ಹಲಗೆಯ ಮೇಲೆ ಚೀಲಗಳನ್ನಿಟ್ಟರೆ ನೆಲ ಒಣಗಿರುತ್ತದೆ. ಸೋರಿಕೆಯಾದರೂ ಕಣ್ಣಿಗೆ ಬೀಳುತ್ತದೆ. ಜೀರ್ಣವಾದ ಕಟ್ಟಡಗಳಲ್ಲಿ ಈ ಸಾಹಸ ಬೇಡವೇ ಬೇಡ. ಸೊಳ್ಳೆಯ ಭಯವೂ ನಿಜವಾದದ್ದೇ. ಡೆಂಗಿ ಹರಡುವ ಸೊಳ್ಳೆ ಕುಂಡದ ಕೆಳಗಿನ ತಟ್ಟೆಯ ತಿಳಿನೀರಿನಲ್ಲಿ ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರುತ್ತದೆ. ತಟ್ಟೆಯನ್ನೇ ಇಡದಿರುವುದು ಅಥವಾ ವಾರಕ್ಕೊಮ್ಮೆ ಬೋರಲು ಹಾಕುವುದು ಅನಿವಾರ್ಯ. ಬೆಳೆದದ್ದನ್ನು ಹಂಚಿಕೊಳ್ಳುವಾಗ ಜಗಳವಾಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವಿಲ್ಲ. ಜಗಳವಾಗದ ಕನ್ನಡ ಸಂಘವನ್ನು ಯಾರೂ ಕಂಡಿಲ್ಲ. ಬಸಳೆಗಾಗಿ ಆಗುವ ಜಗಳ ಅಧ್ಯಕ್ಷಪದವಿಗಾಗಿ ಆಗುವುದಕ್ಕಿಂತ ಮೇಲು.

ಏನು ಬೆಳೆಯಬೇಕೆಂಬ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವೊಂದಿದೆ. ಮುಂಬಯಿಯೂ ಮಂಗಳೂರೂ ಒಂದೇ ಕಡಲತಡಿಯ ಊರುಗಳು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯೂ ಒಂದೇ. ಅಲ್ಲಿ ಬೆಳೆದದ್ದು ಇಲ್ಲಿ ಬೆಳೆಯದಿರಲು ಕಾರಣವಿಲ್ಲ, ಮತ್ತು ಇಲ್ಲಿಯ ಮೂಲನಿವಾಸಿಗಳೂ ಅದನ್ನೇ ತಿಂದು ಬದುಕಿದವರು. ಬಸಳೆಗೆ ಮರಾಠಿಯಲ್ಲಿ ಮಯಾಳು, ಹರಿವೆಗೆ ಮಾಠ, ಕೆಸುವಿಗೆ ಅಳು, ಪುಂಡಿಗೆ ಅಂಬಾಡಿ, ನುಗ್ಗೆಗೆ ಶೇವಗಾ. ತುಳುವರು ಆಟಿ ತಿಂಗಳಲ್ಲಿ ಹುಡುಕಿ ತಿನ್ನುವ ತಜಂಕ್, ಅಂದರೆ ತಗಟೆ ಸೊಪ್ಪು, ಇಲ್ಲಿ ಟಾಕಳಾ ಎಂಬ ಹೆಸರಿನಿಂದ ಮಳೆಗಾಲದಲ್ಲಿ ಆದಿವಾಸಿ ಹೆಂಗಸರ ಬುಟ್ಟಿಯಲ್ಲಿ ಬರುತ್ತದೆ. ಈ ಹೆಸರುಗಳನ್ನು ತಿಳಿಯದೆ ಎಷ್ಟೋ ಮನೆಗಳು ಬಾಗಿಲಿಗೆ ಬಂದ ಊರಿನ ಸೊಪ್ಪನ್ನು ಹಿಂದಕ್ಕೆ ಕಳುಹಿಸಿವೆ. ಬೀಜವನ್ನು ಹುಡುಕಿ ಅಲೆಯಬೇಕಾಗಿಯೂ ಇಲ್ಲ. ಒಂದು ಗೇಣುದ್ದದ ಬಸಳೆಯ ದಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಂಕಣ ರೈಲಿನಲ್ಲಿ ತಂದರೆ ಸಾಕು, ಬೇಗನೆ ಬೇರೂರುತ್ತದೆ. ಮೊದಲ ವರ್ಷ ಟೊಮೆಟೊ, ಕೋಸುಗಡ್ಡೆಗಳ ಗೊಡವೆಗೆ ಹೋಗದಿರುವುದು ಲೇಸು. ಅವಕ್ಕೆ ದಿನದ ಬಹುಪಾಲು ನೇರ ಬಿಸಿಲು ಬೇಕು, ಕೀಟದ ಕಾಟವೂ ಹೆಚ್ಚು. ಹರಿವೆ ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ. ದೊಡ್ಡಪತ್ರೆ ಕೊಲ್ಲಲು ಹೋದರೂ ಸಾಯದು.

ಆರೋಗ್ಯದ ದೃಷ್ಟಿಯಿಂದ ಕೆಲವು ಎಚ್ಚರಿಕೆಗಳೂ ಅಗತ್ಯ. ನುಗ್ಗೆಸೊಪ್ಪಿನ ಪ್ರತಿ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆ, ಜೀವಸತ್ವ 'ಎ'ಗೆ ಮೂಲವಾದ ಅಂಶವೂ ಸಮೃದ್ಧ. ಆದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತಬೇಕಾದರೆ ನಿಂಬೆಯಂಥ ಹುಳಿ ಜೊತೆಗಿರಬೇಕು. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಕೆಸುವಿನಲ್ಲಿ ಗಂಟಲು ಕೆರೆಯುವ ಆಕ್ಸಲೇಟಿನ ಹರಳುಗಳಿವೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಹಬೆಯಲ್ಲಿ ಹೊತ್ತು ಹೊತ್ತು ಬೇಯಿಸುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಮೂತ್ರಪಿಂಡದ ಕಲ್ಲಿನಿಂದ ನರಳುವವರು ಕೆಸು, ಪಾಲಕ್, ಹರಿವೆಗಳಲ್ಲಿ ಮಿತವಾಗಿರಬೇಕು. ಹೃದ್ರೋಗಕ್ಕಾಗಿ ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದ ಔಷಧ ಸೇವಿಸುವವರು ವೈದ್ಯರಿಗೆ ತಿಳಿಸದೆ ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು. ಕರಾವಳಿಯಲ್ಲಿ 'ವಿಟಮಿನ್ ಸೊಪ್ಪು' ಎಂದೇ ಪ್ರಸಿದ್ಧವಾದ ಚಕ್ರಮುನಿಯ ಕಥೆ ವಿಶೇಷವಾಗಿ ತಿಳಿಯತಕ್ಕದ್ದು. 1990ರ ದಶಕದ ನಡುವೆ ತೈವಾನಿನಲ್ಲಿ ಮೈ ಇಳಿಸುವ ಹಂಬಲದಿಂದ ಅದರ ಹಸಿರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂತು. ಪಲ್ಯದಲ್ಲಿ ಒಂದು ಹಿಡಿ ಹಿತ. ಲೋಟಗಟ್ಟಲೆ ರಸ ಅಪಾಯ. ಊರಿನ ಅಜ್ಜಿಯರು ಯಾವ ಸೊಪ್ಪನ್ನೂ ಲೋಟದಲ್ಲಿ ಕುಡಿದವರಲ್ಲ.

ಆ ಅಜ್ಜಿಯರ ಮಾತು ಬಂದುದರಿಂದ ಹೇಳಲೇಬೇಕು. ಯಾವ ಎಲೆ ಯಾವ ತಿಂಗಳಲ್ಲಿ, ಎಳೆಯದೋ ಬಲಿತದ್ದೋ, ಯಾವುದಕ್ಕೆ ಬೆಳ್ಳುಳ್ಳಿ, ಯಾವುದಕ್ಕೆ ಹಲಸಿನ ಬೀಜ ಎಂಬುದನ್ನು ಬಲ್ಲ ಕಡೆಯ ತಲೆಮಾರು ಇಂದು ಮುಂಬಯಿಯ ಫ್ಲ್ಯಾಟುಗಳಲ್ಲಿ ಮಗ ಸೊಸೆಯರು ಕೆಲಸಕ್ಕೆ ಹೋದ ಮೇಲೆ ಟಿ.ವಿ.ಯ ಮುಂದೆ ಒಬ್ಬಂಟಿಯಾಗಿ ಕುಳಿತಿದೆ. ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆಯೇ ಅರ್ಧಂಬರ್ಧ. ಸೊಪ್ಪಿನ ಹೆಸರು ಹೇಗೆ ತಿಳಿದೀತು? ಆ ವಿದ್ಯೆ ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಇಲ್ಲ. ಸಂಘದ ತಾರಸಿಗೆ ವಾರಕ್ಕೆರಡು ಬಾರಿ ಅವರನ್ನು ಲಿಫ್ಟಿನಲ್ಲಿ ಕರೆತಂದು ಕುರ್ಚಿ ಹಾಕಿ ಕೂರಿಸಿದರೆ, ತೋಟಕ್ಕೆ ಬೇರೆ ತಜ್ಞರು ಬೇಕಾಗಲಾರದು. ಸಂಘಗಳು ನಡೆಸುವ ಕನ್ನಡ ವರ್ಗಗಳ ಮಕ್ಕಳಿಗೂ ಹರಿವೆ, ಬಸಳೆ, ಒಂದೆಲಗ ಎಂಬ ಮಾತುಗಳು ಕರಿಹಲಗೆಗಿಂತ ಇಲ್ಲಿ ಬೇಗ ಹತ್ತುತ್ತವೆ.

ಮನೆಮನೆಯ ಬಾಲ್ಕನಿಗಿಂತ ಸಂಘದ ತೋಟವೇ ಮೇಲೆನ್ನಲು ಮತ್ತೊಂದು ಕಾರಣವಿದೆ. ಮುಂಬಯಿ ಕನ್ನಡಿಗರಲ್ಲದವರಿಗೆ ಅದು ಹೊಳೆಯಲಿಕ್ಕಿಲ್ಲ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬಿದ್ದೊಡನೆ ಸಂಸಾರ ಸಮೇತ ಊರಿಗೆ ಹೊರಡುವುದು ಇಲ್ಲಿಯ ಬದಲಾಗದ ಪದ್ಧತಿ. ಕೋಲ, ಮದುವೆ, ಬ್ರಹ್ಮಕಲಶ, ಮಾವು, ಹಲಸು ಮುಗಿಸಿ ಜೂನಿನಲ್ಲಿ ಮರಳುವ ಹೊತ್ತಿಗೆ ಬಾಲ್ಕನಿಯ ಗಿಡಗಳೆಲ್ಲ ಬಿಸಿಲಿಗೆ ಕಡ್ಡಿಯಾಗಿರುತ್ತವೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಕುಂಡ ಅಟ್ಟ ಸೇರುತ್ತದೆ. ಹತ್ತು ಮನೆಯವರು ಕೂಡಿ ಮಾಡಿದ ತೋಟಕ್ಕೆ ಈ ಗತಿಯಿಲ್ಲ. ಎಲ್ಲರೂ ಒಂದೇ ವಾರ ಊರಿಗೆ ಹೋಗುವುದಿಲ್ಲ. ಪಾಳಿ ಹಾಕಿಕೊಂಡು, ಉಳಿದವರು ಬೆಳಗ್ಗೆ ಸಂಜೆ ನೀರು ಹಾಕಿ, ವಾಚ್‌ಮನ್ನನಿಗೆ ಒಂದು ಕಟ್ಟು ಸೊಪ್ಪನ್ನೂ ತಿಂಗಳಿಗಿಷ್ಟೆಂದು ಹಣವನ್ನೂ ಕೊಟ್ಟರೆ ಮೇ ತಿಂಗಳು ಕಳೆಯುತ್ತದೆ. ಊರಿನಿಂದ ಮರಳುವವರ ಚೀಲದಲ್ಲಿ ಹಪ್ಪಳ, ಸಂಡಿಗೆ, ಕುಚ್ಚಲಕ್ಕಿಗಳ ನಡುವೆ ಎರಡು ಬಸಳೆಯ ದಂಟು, ಒಂದು ಹಿಡಿ ಹರಿವೆಯ ಬೀಜಕ್ಕೆ ಜಾಗ ಮಾಡಿಕೊಂಡರೆ, ಜೂನಿನ ಮೊದಲ ಮಳೆ ಬೀಳುವ ಹೊತ್ತಿಗೆ ಅವನ್ನು ನೆಡಬಹುದು.